ಒಂದು ಲೋಟ ನೀರಿನ ಮೇಷ್ಟ್ರು

ಅವರ ಎಡಗೈಯಲ್ಲಿ ಮೊಣಕೈವರೆಗೆ ಒಂದೇ ಒಂದು ಕೂದಲಿರಲಿಲ್ಲ. ಮೂವತ್ತು ವರ್ಷ ಹಡಗಿನ ಒಲೆಯ ಮುಂದೆ ನಿಂತು ಸುಟ್ಟುಕೊಂಡ ಕೈ ಅದು. ಚರ್ಮ ನುಣ್ಣಗೆ, ಅಲ್ಲಲ್ಲಿ ತಿಳಿಗೆಂಪು ಕಲೆ. ನಿಂತರೆ ಎರಡು ಕಾಲನ್ನೂ ಅಗಲಿಸಿಯೇ ನಿಲ್ಲುತ್ತಿದ್ದರು, ರಾಜೀವನಗರದ ರಸ್ತೆಯೂ ಯಾವ ಗಳಿಗೆಯಲ್ಲಾದರೂ ವಾಲಿಬಿಡಬಹುದು ಎಂಬಂತೆ. ಮೇಜಿನ ಮೇಲೆ ಲೋಟ ಇಡುವ ಮುಂಚೆ ಒಂದು ಬಟ್ಟೆ ಒದ್ದೆ ಮಾಡಿ ಹಾಸುತ್ತಿದ್ದರು. ಒಣಮೇಜಿನ ಮೇಲಿಟ್ಟದ್ದು ಜಾರುತ್ತದೆ, ಒದ್ದೆ ಬಟ್ಟೆಯ ಮೇಲಿಟ್ಟದ್ದು ಜಾರುವುದಿಲ್ಲ ಎಂದು ಕಡಲಲ್ಲಿ ಕಲಿತದ್ದಂತೆ. "ಇಲ್ಲೆಲ್ಲಿದೆ ಮೇಷ್ಟ್ರೇ ಕಡಲು?" ಎಂದು ಕೆಣಕಿದರೆ, "ಕಡಲು ಯಾವ್ದು, ರಾಜೀವನಗರ ಯಾವ್ದು ಅಂತ ಕೈಗೇನವ್ವ ಗೊತ್ತು" ಎನ್ನುತ್ತಿದ್ದರು.

ಬೀದಿಯವರಿಗೆಲ್ಲ ಅವರು ಹಡಗಿನ ತಾತ. ಮೇಷ್ಟ್ರು ಎಂದು ಕರೆಯುತ್ತಿದ್ದವಳು ನಾನೊಬ್ಬಳೇ. ಅವರು ಕಲಿಸಿದ್ದು ಕ್ರೊಯೇಷಿಯಾದ ಭಾಷೆ. ನಗಬೇಡಿ. ಮೈಸೂರಲ್ಲಿ ಕೂತು ಬ್ಲೌಸ್ ಹೊಲಿಯುವವಳಿಗೆ ಅದೆಲ್ಲಿಯ ಭಾಷೆ ಎಂದು ನಮ್ಮ ಬೀದಿಯೂ ಸಾಕಷ್ಟು ನಕ್ಕಿದೆ.

ನಮ್ಮ ಹುಟ್ಟೂರು ಮೈಸೂರಿನ ಪಕ್ಕದ ಮಂಡಕಳ್ಳಿ. ವಿಮಾನ ಇಳಿಯುವ ಊರಿನವರಾದರೂ ನಮ್ಮ ಮನೆಯಲ್ಲಿ ವಿಮಾನ ಹತ್ತಿದವಳು ಅಕ್ಕ ಒಬ್ಬಳೇ. ಅಮ್ಮ ತೀರಿಕೊಂಡಾಗ ನನಗೆ ಒಂಬತ್ತು, ಅವಳಿಗೆ ಹತ್ತೊಂಬತ್ತು. ನನಗೆ ತಲೆ ಬಾಚಿ ಜಡೆ ಹಾಕಿದ್ದರಿಂದ ಹಿಡಿದು ಪಿಯುಸಿ ಫೀಸು ಕಟ್ಟಿದ್ದರವರೆಗೆ ಎಲ್ಲ ಅವಳದೇ. ಮೈಸೂರಿನ ಲಾಡ್ಜುಗಳಲ್ಲಿ ಹಾಸಿಗೆ ಹೊದಿಕೆ ಬದಲಾಯಿಸುತ್ತಿದ್ದವಳು ಒಂದು ದಿನ ಏಜೆಂಟರ ಮೂಲಕ ಕ್ರೊಯೇಷಿಯಾದ ಕಡಲತೀರದ ಹೋಟೆಲೊಂದಕ್ಕೆ ಅದೇ ಕೆಲಸಕ್ಕೆ ಹೊರಟುಬಿಟ್ಟಳು. ಮುಂದಿನ ವರ್ಷ ನಾನೂ ಹೋಗುವುದೆಂದು ಮಾತಾಗಿತ್ತು. ಹೊರಡುವ ಹಿಂದಿನ ದಿನ ಎದುರುಮನೆಯ ಹಡಗಿನ ತಾತ, ತಾವು ಕೆಲಸ ಮಾಡಿದ ಹಡಗುಗಳಲ್ಲಿ ಕ್ಯಾಪ್ಟನ್ನಿಂದ ಹಿಡಿದು ಇಂಜಿನಿಯರ್ ತನಕ ಆ ದೇಶದವರೇ ಇದ್ದರು ಎಂದರು. ಅಕ್ಕನಿಗೆ ಕಲಿಯಲು ಒಂದು ದಿನವೂ ಉಳಿದಿರಲಿಲ್ಲ. "ನಿನ್ನ ತಂಗೀನಾದ್ರೂ ಕಳ್ಸವ್ವ, ಮೂಗಿ ಅಂಗೆ ಓಗೋದು ಬ್ಯಾಡ" ಎಂದರು.

ಮೊದಲ ದಿನ ಪುಸ್ತಕ, ಪೆನ್ನು ಹಿಡಿದು ಹೋದೆ. ಎರಡನ್ನೂ ಕಿಟಕಿಯ ಮೇಲಿಡಿಸಿದರು. ಒಂದು ಸ್ಟೀಲ್ ಲೋಟದಲ್ಲಿ ನೀರು ತಂದು ನನ್ನ ಮುಂದೆ ಇಟ್ಟು, "ದಾಯೆಮ್ ಸೆಸ್ತ್ರಿ ಚಾಶು ವೋದೆ" ಎಂದರು. ತಂಗಿಗೆ ಒಂದು ಲೋಟ ನೀರು ಕೊಡುತ್ತೇನೆ. ಅಷ್ಟೆ. ಒಂದು ತಿಂಗಳು ಈ ಒಂದೇ ವಾಕ್ಯ.

"ಊರಿಗೆ ಬಂದೋಳು ನೀರಿಗೆ ಬರ್ದೆ ಇರ್ತಾಳಾ? ಭಾಷೆನೂ ನೀರಿಂದ್ಲೇ ಸುರು ಮಾಡ್ಬೇಕು ಕಣವ್ವ" ಎನ್ನುತ್ತಿದ್ದರು. ವೋದಾ ಎಂದರೆ ನೀರು, ಚಾಶಾ ಎಂದರೆ ಲೋಟ, ಸೆಸ್ತ್ರಾ ಎಂದರೆ ಅಕ್ಕನೋ ತಂಗಿಯೋ. ಆಸ್ಪತ್ರೆಯ ನರ್ಸಮ್ಮನೂ ಅವರಿಗೆ ಸೆಸ್ತ್ರಾನೇ, ನಾವು ಸಿಸ್ಟರ್ ಅನ್ನುವ ಹಾಗೆ. ಆದರೆ ವಾಕ್ಯದೊಳಗೆ ಬಂದ ಕೂಡಲೇ ಒಂದೊಂದು ಪದದ ಬಾಲವೂ ಬದಲಾಗುತ್ತದೆ. ತಂಗಿಗೆ ಕೊಟ್ಟರೆ ಸೆಸ್ತ್ರಿ, ಲೋಟವನ್ನು ಕೊಟ್ಟರೆ ಚಾಶು, ಲೋಟದಲ್ಲಿರುವುದು ನೀರಿನ ಪಾಲಾದ್ದರಿಂದ ವೋದೆ. ನನಗೆ ತಲೆ ಕೆಟ್ಟುಹೋಗಿ, ಇದೇನು ಊಸರವಳ್ಳಿ ಭಾಷೆ ಎಂದೆ. ಅವರು ಬೇಸರಪಡಲಿಲ್ಲ. "ನೀನು 'ಅಕ್ಕ ಕೊಟ್ಟೆ' ಅಂತೀಯಾ, 'ಅಕ್ಕಂಗೆ ಕೊಟ್ಟೆ' ಅಂತೀಯಾ? ನಿನ್ ಬಾಯಲ್ಲೂ ಬಾಲ ಐತೆ. ಉಟ್ದಾಗಿಂದ ಐತೆ, ಅದ್ಕೇ ಗೊತ್ತಾಗಲ್ಲ" ಎಂದರು. ಎಂಟನೇ ಕ್ಲಾಸಿನಲ್ಲಿ ರಾಗವಾಗಿ ಒಪ್ಪಿಸಿದ್ದ ಉ, ಅನ್ನು, ಇಂದ, ಗೆ, ದೆಸೆಯಿಂದ ಎಲ್ಲ ನೆನಪಾಯಿತು. ಪರೀಕ್ಷೆ ಮುಗಿದ ಮೇಲೆ ಅದರಿಂದ ಯಾರಿಗಾದರೂ ಉಪಯೋಗವಾದದ್ದು ನನಗೆ ಗೊತ್ತಿರುವ ಮಟ್ಟಿಗೆ ಅದೇ ಮೊದಲು.

ಆಮೇಲೆ ಲೋಟ ಓಡಾಡಲು ಶುರುವಾಯಿತು. ಬೆರಳು ಅದ್ದಿ 'ನೀರಿನಲ್ಲಿ' ಎನ್ನಿಸುವರು, ಮುಖಕ್ಕೆ ಚಿಮುಕಿಸಿ 'ನೀರಿನಿಂದ' ಎನ್ನಿಸುವರು. ಒಂದು ದಿನ ಗಟಗಟ ಕುಡಿದು, ಲೋಟ ಬೋರಲು ಮಾಡಿ ತೋರಿಸಿ, "ಬೆಜ್ ವೋದೆ" ಎಂದರು. ನೀರಿಲ್ಲದೆ. ನಾಲ್ಕು ತಿಂಗಳಾಗುವಷ್ಟರಲ್ಲಿ ನಾನು ತಪ್ಪೋ ಒಪ್ಪೋ ಮಾತಾಡುತ್ತಿದ್ದೆ. ನಾನು ತಪ್ಪು ಮಾಡಿದರೆ ಅವರು ಸರಿಯಾದದ್ದನ್ನು ಹೇಳುತ್ತಿರಲಿಲ್ಲ. ಲೋಟವನ್ನು ಮತ್ತೆ ನನ್ನ ಮುಂದೆ ತಳ್ಳಿ ಕಾಯುತ್ತಿದ್ದರು.

ಅಷ್ಟರಲ್ಲಿ ಅಕ್ಕ ಆಸ್ಪತ್ರೆ ಸೇರಿದಳು.

ರೂಮು ಗುಡಿಸುವಾಗ ಒಡೆದ ಗಾಜು ಪಾದಕ್ಕೆ ಚುಚ್ಚಿತ್ತು. ಅವಳಿಗೆ ಸಕ್ಕರೆ ಕಾಯಿಲೆ. ಹೇಳಿದರೆ ಕೆಲಸದಿಂದ ತೆಗೆದುಬಿಡುತ್ತಾರೆ ಎಂದು ನಾನು ಕಳಿಸಿದ್ದ ಅರಿಶಿನವನ್ನು ಮೆತ್ತಿ, ಮೇಲೆ ಕಾಲುಚೀಲ ಏರಿಸಿ, ಹತ್ತು ದಿನ ಹಾಗೇ ಓಡಾಡಿದ್ದಾಳೆ. ಜ್ವರ ಬಂದು ಬಿದ್ದಾಗ ಹೋಟೆಲಿನವರು ಕರೆದೊಯ್ದರಂತೆ. ಸುದ್ದಿ ಬಂದದ್ದು ಅಕ್ಕನ ಫೋನಿನಿಂದ, ಆದರೆ ಮಾತಾಡಿದ್ದು ವಾರ್ಡಿನ ಹಿರಿಯ ನರ್ಸಮ್ಮ. ಅಲ್ಲಿನ ಡಾಕ್ಟರಿಗೆ ಇಂಗ್ಲಿಷ್ ಬರುತ್ತಿತ್ತು, ಆದರೆ ನನಗೆ ಬರಬೇಕಲ್ಲ. ನರ್ಸಮ್ಮನಿಗೆ ಅವರ ಭಾಷೆ ಬಿಟ್ಟರೆ ಬೇರೆ ಇಲ್ಲ. ಕಲಿತದ್ದೆಲ್ಲ ಆ ಹೊತ್ತಿಗೆ ಎಲ್ಲಿ ಹೋಯಿತೋ. ಫೋನ್ ಹಿಡಿದು ಎದುರುಮನೆಗೆ ಓಡಿದೆ. ಅವರು ಕೈ ಚಾಚಿ, "ಕೊಡಿಲ್ಲಿ" ಎಂದು ಇಸಿದುಕೊಂಡರು.

ಆವತ್ತಿನಿಂದ ಅದೇ ಪದ್ಧತಿಯಾಯಿತು. ನಮ್ಮ ಸಂಜೆ ನಾಲ್ಕೂವರೆಗೆ ಫೋನ್ ಬರುವುದು. ಅವರು ಗೇಟಿನಾಚೆ ಹೊಂಗೆ ಮರದ ಕೆಳಗೆ ಹೋಗಿ, ನನಗೆ ಬೆನ್ನು ಮಾಡಿ ಮಾತಾಡುವರು. ಬಂದು, "ಗಾಯ ಮಾಯ್ತಾ ಐತಂತೆ. ಔಸ್ದಿ ಬದ್ಲಾಯ್ಸವ್ರಂತೆ. ಗಾಬ್ರಿ ಬ್ಯಾಡ" ಎನ್ನುವರು. ಅಕ್ಕನ ಜೊತೆ ಎರಡು ನಿಮಿಷ ಮಾತಾಡಿದರೆ ಅವಳದೂ ಅದೇ ಹಾಡು, "ಚೆನ್ನಾಗಿದೀನಿ ಕಣೆ, ನೀನು ಊಟ ಮಾಡ್ದಾ?" ಧ್ವನಿ ಮಾತ್ರ ದಿನದಿನಕ್ಕೆ ಸಣ್ಣಗಾಗುತ್ತಿತ್ತು. ಮಾಯುತ್ತಿರುವ ಗಾಯಕ್ಕೆ ಧ್ವನಿ ಯಾಕೆ ಇಂಗುತ್ತದೆ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಒಳ್ಳೆಯ ಸುದ್ದಿಯನ್ನು ಯಾರು ಕೆದಕುತ್ತಾರೆ? ಎರಡು ಬ್ಲೌಸಿಗೆ ತೋಳು ತಿರುವುಮುರುವು ಹೊಲಿದು ಬೈಸಿಕೊಂಡೆ, ಅಷ್ಟೆ.

ಒಂದು ದಿನ ಮೇಷ್ಟ್ರು ಕನ್ನಡಕ ರಿಪೇರಿಗೆಂದು ಬನ್ನಿಮಂಟಪದ ಕಡೆ ಹೋಗಿದ್ದರು. ಎರಡು ಗಂಟೆಗೇ ಫೋನ್ ಬಂತು. ಅವರ ಜೊತೆಗಿದ್ದ ಮಗಳೂ ಇರಲಿಲ್ಲ, ಎದುರುಮನೆಗೆ ಬೀಗ. ಬೇರೆ ದಾರಿ ಇರಲಿಲ್ಲ, ಎತ್ತಿದೆ. "ಸೆಸ್ತ್ರಾ" ಎಂದೆ. ತಂಗಿ ಮಾತಾಡುತ್ತಿದ್ದೇನೆ ಎಂದು ಹೇಳುವಷ್ಟು ಉಸಿರಿರಲಿಲ್ಲ. ನರ್ಸಮ್ಮನಿಗೆ ಅರ್ಥವಾಯಿತು. ಮಗುವಿಗೆ ಹೇಳುವ ಹಾಗೆ ಒಂದೊಂದೇ ಪದ ಬಿಡಿಸಿ ಹೇಳತೊಡಗಿದರು. ನೋಗಾ ಎಂದರು. ಅದು ಕಾಲು, ನನಗೆ ಗೊತ್ತು. ಆಪರೇಷನ್ನಿಗೆ ಅವರದೂ ಹೆಚ್ಚುಕಡಿಮೆ ಅದೇ ಪದ. ಆಪರೇಷನ್ ಬೇಡ ಎನ್ನುತ್ತಿದ್ದಾಳೆ ಎಂದರು. ಇನ್ನೂ ನಿಧಾನವಾಗಿ ಸೇರಿಸಿದರು: ಸಾಯುವುದಕ್ಕಿಂತ 'ಬೆಜ್ ನೋಗೆ' ಬದುಕುವುದು ಮೇಲು.

ಬೆಜ್ ನೋಗೆ. ನೀರಿಲ್ಲದೆ ಎಂದು ನೂರು ಸಲ ಹೇಳಿದ್ದ ಬಾಯಿಗೆ ಇದರ ಅರ್ಥ ಹುಡುಕಬೇಕಾಗಿರಲಿಲ್ಲ. ಕಾಲಿಲ್ಲದೆ.

ಎಷ್ಟು ದಿನದಿಂದ ಎಂದು ಕೇಳಿದೆ. "ಪೆತ್ ದಾನಾ" ಎಂದರು. ಐದು ದಿನ. ಐದು ದಿನದಿಂದ ಡಾಕ್ಟರು ಕಾಯುತ್ತಿದ್ದಾರೆ, ನಂಜು ಮೇಲೇರುತ್ತಿದೆ, ಅಕ್ಕ ಒಪ್ಪುತ್ತಿಲ್ಲ. ಐದು ದಿನದಿಂದ ನಾನು ಇಲ್ಲಿ ಗಾಯ ಮಾಯುತ್ತಿದೆ ಎಂದು ಸಾರು ಕುದಿಸಿಕೊಂಡು ಉಣ್ಣುತ್ತಿದ್ದೇನೆ.

ಮೈಯೆಲ್ಲ ಉರಿದುಹೋಯಿತು. ಅಕ್ಕನಿಗೆ ಫೋನ್ ಕೊಡಿ ಎಂದರೆ ಡ್ರೆಸಿಂಗ್ ಮಾಡುತ್ತಿದ್ದಾರೆ, ಒಂದು ಗಂಟೆ ಬಿಟ್ಟು ಮಾಡುತ್ತೇನೆ ಎಂದರು. ಆ ಒಂದು ಗಂಟೆ ನಾನು ಬೀದಿಯಲ್ಲೇ ನಿಂತಿದ್ದೆ. ಮೇಷ್ಟ್ರು ಆಟೋದಿಂದ ಇಳಿದರು, ರಿಪೇರಿಯಾದ ಕನ್ನಡಕದಲ್ಲಿ ನನ್ನ ಮುಖ ನೋಡಿದರು. ಏನಾಗಿದೆ ಎಂದು ಅವರಿಗೆ ತಕ್ಷಣ ತಿಳಿಯಿತು. ಆಟೋದವನು ಇನ್ನೂ ಹೋಗಿರಲಿಲ್ಲ.

"ಐದ್ ದಿನ ಮೇಷ್ಟ್ರೇ" ಎಂದೆ.

"ಒಳಗ್ ಬಾ."

"ಇಲ್ಲೇ ಹೇಳಿ. ನಿಮ್ಗೆ ಗೊತ್ತಿತ್ತಾ, ಇಲ್ವಾ?"

"ಗೊತ್ತಿತ್ತು. ನಿಮ್ಮಕ್ಕ ಆಣೆ ಆಕ್ಸ್ಕೊಂಡ್ಲು ಕಣವ್ವ. ನನ್ ತಂಗೀಗೆ ಏಳ್ಬೇಡಿ, ನಿಮ್ ಎಂಡ್ತಿ ಮೇಲಾಣೆ ಅಂದ್ಲು. ನಾಳೆ ಒಪ್ತಾಳೆ, ನಾಳೆ ಒಪ್ತಾಳೆ ಅಂತ ದಿನಾ ನಾನೂ ಕಾಲಿಗ್ ಬಿದ್ದಂಗೆ ಕೇಳ್ಕೊಂಡೆ."

ಆಮೇಲೆ ಗೇಟು ಹಿಡಿದುಕೊಂಡು ಹೇಳಿದರು. ಅವರು ಕಡಲಲ್ಲಿದ್ದಾಗ ಇಲ್ಲಿ ಅವರ ಹೆಂಡತಿ ತೀರಿಕೊಂಡರು. ಹಡಗಿಗೆ ಸುದ್ದಿ ಬಂತು, ಕ್ಯಾಪ್ಟನ್ ಹೇಳಲಿಲ್ಲ. ನಲವತ್ತು ದಿನವಾದ ಮೇಲೆ ದಡ ಮುಟ್ಟಿದಾಗ ಹೇಳಿದರು. "ಆ ನಲ್ವತ್ ದಿನ ನಾನು ಅನ್ನ ತಿಂದೆ, ನಿದ್ದೆ ಮಾಡ್ದೆ, ಜನಕ್ಕೆ ಬೇಯ್ಸಾಕ್ದೆ. ಏಳಿದ್ರೆ ನೀರಿಗಾರ್ತಿದ್ದೆ. ಮುಚ್ಚಿಟ್ಟೋರು ನನ್ನ ಉಳಿಸ್ಕೊಂಡ್ರು ಕಣವ್ವ. ನಿಂಗೂ ಅಂಗೇ ಅಂದ್ಕೊಂಡೆ."

ನಮ್ಮಲ್ಲಿ ಇದು ಹೊಸದಲ್ಲ. ಅಮ್ಮನ ಕಾಯಿಲೆಯನ್ನು ನನಗೆ ಹೇಳಿರಲಿಲ್ಲ, ಅಜ್ಜಿ ಸತ್ತದ್ದನ್ನು ಬಸುರಿ ಚಿಕ್ಕಮ್ಮನಿಗೆ ಹೇಳಿರಲಿಲ್ಲ. ಕೆಟ್ಟ ಸುದ್ದಿ ಮುಚ್ಚಿಡುವವರೇ ನಮಗೆ ಒಳ್ಳೆಯವರು. ಇದೆಲ್ಲ ಈಗ ಹೊಳೆಯುತ್ತದೆ. ಆಗ ನನ್ನ ನಾಲಿಗೆಗೆ ಲಂಗುಲಗಾಮು ಇರಲಿಲ್ಲ.

"ನಿಮ್ ಹೆಂಡ್ತಿ ಆಗ್ಲೇ ಸತ್ತೋಗಿದ್ರು. ನಮ್ಮಕ್ಕ ಇನ್ನೂ ಬದ್ಕವ್ಳೆ" ಎಂದೆ.

ಅವರು ಗೇಟು ಬಿಟ್ಟರು. ಎಪ್ಪತ್ತು ದಾಟಿದವರಿಗೆ ನಡುಬೀದಿಯಲ್ಲಿ ಹಾಗೆ ಹೇಳಬಾರದಿತ್ತು ಎಂದು ಇವತ್ತಿಗೂ ಅನ್ನಿಸುತ್ತದೆ. ಹೇಳದೇ ಇದ್ದಿದ್ದರೆ ಏನಾಗುತ್ತಿತ್ತು ಎಂಬುದೂ ಗೊತ್ತು. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಸರಿ. ಇವತ್ತಿಂದ ನೀನೇ ಮಾತಾಡು. ನಾನು ಪಕ್ಕದಲ್ಲಿ ನಿಂತಿರ್ತೀನಿ, ಬಾಯಿ ಬುಡಲ್ಲ" ಎಂದರು.

ಫೋನ್ ಬಂತು. ಅವರ ಹಜಾರದಲ್ಲೇ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟೆ. ಅಕ್ಕ "ಚೆನ್ನಾಗಿ..." ಎಂದು ಶುರು ಮಾಡಿದಳು.

"ಸುಳ್ ಹೇಳ್ಬೇಡ. ನಂಗೆಲ್ಲ ಗೊತ್ತಾಯ್ತು."

ಆ ಕಡೆ ಅಳು. "ಕುಂಟಿಯಾಗಿ ಬಂದು ನಿನ್ ಮೇಲೆ ಬೀಳೋಕೆ ನಂಗಿಷ್ಟ ಇಲ್ಲ ಕಣೆ. ಇಲ್ಲೇ ಏನಾದ್ರೂ ಆಗೋಗ್ಲಿ, ಬುಟ್ಬುಡು."

"ನನ್ನ ಒಂದ್ ಮಾತ್ ಕೇಳ್ದೆ ಸಾಯೋಕೆ ನೀನ್ಯಾರು?" ಎಂದೆ. ಸಮಾಧಾನ ಹೇಳಬೇಕಾದ ಜಾಗದಲ್ಲಿ ನನಗೆ ಬರುವುದು ಜಗಳ. "ನನ್ನ ಸಾಕ್ದಾಗ ನಾನೇನ್ ನಿಂಗೆ ಹಗುರ ಇದ್ನಾ? ನೀನ್ ಮಾತ್ರ ಹೊರ್ಬೋದು, ನಾನು ಹೊರ್ಬಾರ್ದಾ? ನಿಂಗೆ ಅಷ್ಟ್ ಜಂಬಾನಾ?"

ಅವಳು ಮೂಗೆಳೆದುಕೊಂಡಳು. ಕೊನೆಗೆ, "ಮಂಡಿ ಉಳಿಯುತ್ತಾ ಕೇಳು. ಮಂಡಿ ಉಳಿದ್ರೆ ಕೃತಕ ಕಾಲು ಹಾಕ್ಕೊಂಡು ನಡೀಬೋದಂತೆ. ಇವ್ರು ಏನೇನೋ ಹೇಳ್ತಾರೆ, ನಂಗೆ ಅರ್ಥ ಆಗಲ್ಲ. ತಾತನ ಕೇಳಿದ್ರೆ ಎಲ್ಲ ಸರಿಹೋಗುತ್ತೆ ಅಂತಾರೆ ಅಷ್ಟೆ" ಎಂದಳು.

ನರ್ಸಮ್ಮನನ್ನು ಕೇಳಿದೆ. ಪದದ ಬಾಲಗಳು ಎಲ್ಲೆಲ್ಲೋ ಸಿಕ್ಕಿಕೊಂಡವು. ಮೇಷ್ಟ್ರ ಕಡೆ ನೋಡಿದೆ. ಅವರು ತುಟಿ ಬಿಗಿಹಿಡಿದು ಗೋಡೆ ನೋಡುತ್ತಿದ್ದರು. ಮತ್ತೆ ಕೇಳಿದೆ. ಈ ಸಲ ನರ್ಸಮ್ಮ ಉತ್ತರ ಕೊಟ್ಟರು. ಮಂಡಿ ಉಳಿಯುತ್ತದೆ ಎಂದರು. ಒಂದು ಗಳಿಗೆ ಬಿಟ್ಟು, "ಮೊಜ್ದಾ" ಎಂದು ಸೇರಿಸಿದರು. ಬಹುಶಃ.

ಆ 'ಬಹುಶಃ' ಒಂದನ್ನು ನುಂಗಿಬಿಟ್ಟರೆ ಅಕ್ಕ ಈ ಕ್ಷಣ ಒಪ್ಪುತ್ತಾಳೆ. ಯಾರಿಗೆ ಗೊತ್ತಾಗುತ್ತದೆ? ಮೇಷ್ಟ್ರಿಗೆ ಗೊತ್ತಾಗುತ್ತದೆ, ಅವರು ಹೇಳುವುದಿಲ್ಲ. ಅವರು ಐದು ದಿನ ಆ ಮರದ ಕೆಳಗೆ ಏನು ಪಟ್ಟಿರಬೇಕೆಂದು ಆಗ ನನಗೆ ಅರ್ಥವಾಯಿತು. ಬೇಕೆಂದು ಯಾರೂ ಸುಳ್ಳು ಹೇಳುವುದಿಲ್ಲ, ಪ್ರೀತಿ ನಾಲಿಗೆ ಹಿಡಿದುಕೊಳ್ಳುತ್ತದೆ.

"ಉಳಿಯುತ್ತೆ ಅಂತಾರೆ ಅಕ್ಕ. ಆದ್ರೆ ಬಹುಶಃ ಅಂತಾನೂ ಅಂದ್ರು. ಖಂಡಿತ ಅಂತ ಹೇಳ್ಲಿಲ್ಲ."

ನಾನು ಎಲ್ಲ ಹಾಳು ಮಾಡಿದೆ ಎಂದುಕೊಂಡೆ.

"ಈ ಐದ್ ದಿನದಲ್ಲಿ ನಂಗೆ ಸರಿಯಾಗಿ ಹೇಳಿದ್ದು ನೀನೊಬ್ಳೇ" ಎಂದಳು. "ಸರಿ. ಕಾಗ್ದ ಕೊಡಕ್ಕೆ ಹೇಳು, ಸೈನ್ ಹಾಕ್ತೀನಿ."

ಮಾರನೆಯ ದಿನ ಆಪರೇಷನ್. ನಮ್ಮ ಮಧ್ಯಾಹ್ನದಿಂದ ಕಾದೆವು. ನಾನು ಅವರ ಜೊತೆ ಮಾತು ಬಿಟ್ಟಿದ್ದೆ, ಆದರೆ ಅವರ ಹಜಾರ ಬಿಟ್ಟು ಬೇರೆಲ್ಲೂ ಕೂರಲೂ ಆಗಲಿಲ್ಲ. ಅವರ ಮಗಳು ಎರಡು ಸಲ ಕಾಫಿ ತಂದಿಟ್ಟರು, ಎರಡು ಸಲವೂ ತಣ್ಣಗಾಗಿದ್ದನ್ನು ತೆಗೆದುಕೊಂಡು ಹೋದರು. ಮೇಷ್ಟ್ರು ಕಾಲು ಅಗಲಿಸಿ ಕಿಟಕಿಯ ಬಳಿ ನಿಂತವರು ಕೂರಲೇ ಇಲ್ಲ. ನಾಲ್ಕೂವರೆ ಆಯಿತು, ಐದಾಯಿತು. ಐದೂ ಇಪ್ಪತ್ತಕ್ಕೆ ಫೋನ್ ಬಂತು. ಅಕ್ಕ ಉಳಿದಿದ್ದಳು, ಮಂಡಿಯೂ ಉಳಿದಿತ್ತು. ನಾನು ಅದನ್ನು ಕನ್ನಡದಲ್ಲಿ ಹೇಳುವ ಮುಂಚೆಯೇ ಅವರು ಕಿಟಕಿಯ ಸರಳು ಹಿಡಿದು ಬಿಕ್ಕಿಬಿಕ್ಕಿ ಅಳತೊಡಗಿದರು. ನಾನು ಎದ್ದುಹೋಗಿ ಅವರ ತೋಳು ಹಿಡಿದುಕೊಂಡೆ. ಕ್ಷಮೆ ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಅಕ್ಕ ನಾಲ್ಕು ತಿಂಗಳ ನಂತರ ಬಂದಳು. ಈಗ ಕೃತಕ ಕಾಲಿನಲ್ಲಿ ನಡೆಯುತ್ತಾಳೆ, ನನ್ನ ಅಂಗಡಿಯಲ್ಲಿ ಕೂತು ಹುಕ್ಕು ಹಾಕುತ್ತಾಳೆ, ಗಿರಾಕಿಗಳ ಜೊತೆ ನಾನು ಜಗಳಕ್ಕೆ ಬಿದ್ದಾಗ ನಡುವೆ ಬಂದು ಬಿಡಿಸುತ್ತಾಳೆ. ನಾನು ಕ್ರೊಯೇಷಿಯಾಕ್ಕೆ ಹೋಗಲಿಲ್ಲ. ಪಾಠ ಮಾತ್ರ ನಿಲ್ಲಲಿಲ್ಲ. ಯಾಕೆ ಎಂದು ಕೇಳಿದವರಿಗೆ ಉತ್ತರ ಕೊಡುವ ಗೋಜಿಗೆ ನಾನು ಹೋಗಲಿಲ್ಲ.

ಅದಾಗಿ ಎರಡನೆಯ ವರ್ಷ ಮೇಷ್ಟ್ರು ಊಟ ಬಿಟ್ಟರು. ಕಣ್ಣು ಹಳದಿಯಾಯಿತು. ಮಗಳು ಆಸ್ಪತ್ರೆಗೆ ಕರೆದೊಯ್ದು ಬಂದು, ನನ್ನನ್ನು ಹಿತ್ತಿಲಿಗೆ ಕರೆದು ಪಿಸುಮಾತಿನಲ್ಲಿ ಹೇಳಿದರು. ಲಿವರ್ ಕ್ಯಾನ್ಸರ್, ಹೆಚ್ಚೆಂದರೆ ಎರಡು ತಿಂಗಳು. "ಅಪ್ಪಂಗೆ ಗ್ಯಾಸ್ಟ್ರಿಕ್ ಅಂತ ಹೇಳಿದೀವಿ. ನೀನೂ ಬಾಯ್ಬಿಡ್ಬೇಡ ಕಣಮ್ಮ, ನಿನ್ ದಮ್ಮಯ್ಯ." ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ.

ಒಳಗೆ ಹೋದೆ. ಅವರು ದಿಂಬಿಗೆ ಒರಗಿದ್ದರು. ಮಗಳು ಕಾಲ ಬಳಿ ಕೂತು ಗಂಜಿ ಆರಿಸುತ್ತಿದ್ದರು. ಅವರು ನನ್ನ ಕಡೆ ತಿರುಗಿ, ಪಾಠದ ದನಿಯಲ್ಲಿ ಆ ಭಾಷೆಯಲ್ಲೇ, ನಿಜ ಹೇಳು ಎಂದರು. ಮಗಳು ನಕ್ಕು, "ಮಲಗಿದ್ರೂ ಪಾಠ ಬಿಡಲ್ಲ ನೋಡು" ಎಂದರು. ಕಾಯಿಲೆ ಲಿವರಿನದು, ಚೆನ್ನಾಗಿಲ್ಲ ಎಂದು ಅದೇ ಭಾಷೆಯಲ್ಲಿ ಹೇಳಿದೆ. ಎಷ್ಟು ದಿನ ಎಂದರು. ಎರಡು ತಿಂಗಳು, ಬಹುಶಃ ಎಂದೆ. ಮುಖದಲ್ಲಿ ಏನೂ ಬದಲಾಗದಂತೆ ನೋಡಿಕೊಳ್ಳಲು ನಾನು ಪಟ್ಟ ಪಾಡು ನನಗೊಬ್ಬಳಿಗೇ ಗೊತ್ತು. ಅವರು ತಲೆಯಾಡಿಸಿದರು. ಮಗಳ ಕಡೆ ತಿರುಗಿ, "ಈ ಗ್ಯಾಸ್ಟ್ರಿಕ್ ಬಂದ್ರೆ ಬೇಜಾರು ಕಣೆ, ಒಂದ್ ಬಜ್ಜಿ ತಿನ್ನಂಗಿಲ್ಲ" ಎಂದರು. ಮಗಳು ಮನಸಾರೆ ನಕ್ಕರು.

ಮಗಳು ಪಾತ್ರೆ ತೊಳೆಯಲು ಹೋದಾಗ ನಾನು ಹಲ್ಲು ಕಚ್ಚಿ, "ಮತ್ತೆ ಅದೇ ಮಾಡ್ತಿದೀರಲ್ಲ" ಎಂದೆ.

"ಅಂಗಲ್ಲ ಕಣವ್ವ" ಎಂದರು. "ನಿಂಗೆ ಗೊತ್ತಾದ್ರೆ ಮಾಡೋ ಕೆಲ್ಸ ಇತ್ತು, ಅಕ್ಕನ ಉಳಿಸ್ಕೊಳೋದು. ಏಳ್ದೆ ಇದ್ದದ್ದು ನನ್ ತಪ್ಪು. ನನ್ ಮಗಳಿಗೆ ಈಗ ಮಾಡೋಕೇನೈತೆ? ನಂಗ್ ಗೊತ್ತಿಲ್ಲ ಅಂದ್ಕೊಂಡ್ರೆ ನನ್ ಮುಂದೆ ನಗ್ತಾಳೆ. ನಗ್ಲಿ ಬುಡು. ನಾನ್ ಓದ್ಮೇಲೆ ಅವ್ಳಾಗೇ ಕೇಳಿದ್ರೆ ಮುಚ್ಚಿಡ್ಬೇಡ."

ಎರಡು ತಿಂಗಳಿರಲಿಲ್ಲ. ಒಂದೂವರೆಯೇ. ಅಷ್ಟು ದಿನವೂ ಆ ಮನೆಯಲ್ಲಿ ತಂದೆ ಮಗಳು ಗ್ಯಾಸ್ಟ್ರಿಕ್ಕಿಗೆ ಯಾವ ಕಷಾಯ ಒಳ್ಳೆಯದೆಂದು ಜಗಳವಾಡಿದರು, ಇಸ್ಪೀಟ್ ಆಡಿದರು, ಒಬ್ಬರನ್ನೊಬ್ಬರು ನಗಿಸಿದರು. ನಾನು ನಡುವೆ ಕೂತು ಎಲೆ ಹಂಚುತ್ತಿದ್ದೆ. ಒಂದು ಬೆಳಗಿನ ಜಾವ ನಿದ್ದೆಯಲ್ಲೇ ಹೋದರು.

ಹನ್ನೊಂದನೆಯ ದಿನದ ಊಟ ಮುಗಿದು, ನೆಂಟರೆಲ್ಲ ಎದ್ದುಹೋದ ಮೇಲೆ, ಮಗಳು ಎಂಜಲು ಬಳಿದ ನೆಲದ ಮೇಲೆ ನನ್ನ ಪಕ್ಕ ಕೂತರು. ಸೆರಗಿನಲ್ಲಿ ಮುಖ ಒರೆಸಿಕೊಂಡು, "ಕೊನೇವರ್ಗೂ ಅಪ್ಪಂಗೆ ಗೊತ್ತಾಗ್ಲಿಲ್ಲ. ಅದೊಂದ್ ಪುಣ್ಯ. ಅಲ್ವಾ?" ಎಂದರು.

ಅವರಾಗೇ ಕೇಳಿದ್ದರು. ನಾನು ಅವರ ಕೈ ಹಿಡಿದುಕೊಂಡೆ.

"ಗೊತ್ತಿತ್ತು ಅಕ್ಕ. ಮೊದಲ್ನೇ ದಿನದಿಂದ್ಲೇ. ನಾನೇ ಹೇಳಿದ್ದು."

ಅವರು ಕೈ ಎಳೆದುಕೊಂಡರು. ಬೈಯುತ್ತಾರೆ ಎಂದು ತಲೆ ತಗ್ಗಿಸಿ ಕಾದೆ. ಅವರು ಬೈಯಲಿಲ್ಲ. ಬಾಗಿಲ ಕಡೆ ತಿರುಗಿದರು.

"ಹಂಗಾದ್ರೆ ಅಪ್ಪ ಅಷ್ಟ್ ದಿನ ನಗ್ತಾ ಇದ್ದದ್ದು?"

"ನಿಮಗೋಸ್ಕರ ಅಕ್ಕ" ಎಂದೆ.